ಭಾನುವಾರದ ಕೈಬರಹ

ಫೆಬ್ರುವರಿ 7, ಶುಕ್ರವಾರ

ಪುಟ್ಟೀ,

ಫೆಬ್ರುವರಿ ಮೂರನೇ ತಾರೀಖು, ಸೋಮವಾರ ಬೆಳಿಗ್ಗೆ, ನಿಮ್ಮ ಹಾಲಿನ ಕಾರ್ಖಾನೆಯವರು ಊಟದ ಕೋಣೆಯ ಗೋಡೆಗೆ ಹದಿನೇಳು ಜನರ ತೂಕವನ್ನೂ ರಕ್ತದ ಸಕ್ಕರೆಯನ್ನೂ ಎಲ್ಲರಿಗೂ ಕಾಣುವ ಹಾಗೆ ಬರೆದು ಅಂಟಿಸಿದರು. ಆ ಹದಿನೇಳರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಆರನೆಯ ಹೆಸರು ನನ್ನ ತಂಗಿಯದು. ಇಷ್ಟನ್ನು ಮೊದಲು ಬರೆದಿಡುತ್ತೇನೆ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿ ಕೂತವನ ಅಭ್ಯಾಸ ಇದು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟು ತಡ; ಕಾರಣ ಆಮೇಲೆ. ದೂರು ಬರೆಯುವುದೂ ಹಾಗೇ ಅಂತ ನಿನಗೆ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದೇನೆ. ಮೊದಲು ತಪ್ಪು, ಪಕ್ಕದಲ್ಲಿ ತಾರೀಖು, ಕೊನೆಗೆ ಪ್ರಶ್ನೆ. ನಡುವೆ ಅಳು ಬೇಡ.

ನೀನು ಕಳಿಸಿದ ಕಾರ್ಖಾನೆಯ ಪಥ್ಯದ ಹಾಳೆಯನ್ನು ಮೂರು ಸಲ ಓದಿದೆ. ಹನ್ನೆರಡು ವಾರ ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಬಂದ್. ಬೆಣ್ಣೆ, ಕೆನೆ, ಗಟ್ಟಿ ಚೀಸು, ಮೊಟ್ಟೆ ಬೇಕಾದಷ್ಟು. ಹಾಲು ಮಾತ್ರ ಕೂಡದು, ಅದರಲ್ಲೂ ಸಕ್ಕರೆಯ ಅಂಶ ಇದೆಯಂತೆ. ಹಾಲು ಮಾರಿ ಬದುಕುವವರೇ ತಮ್ಮ ಕೆಲಸದವರಿಗೆ ಹಾಲು ಮುಟ್ಟಬೇಡಿ ಅನ್ನುವುದನ್ನು ನಾನು ಇದೇ ಮೊದಲು ನೋಡಿದ್ದು. ಪಥ್ಯದ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ಮೈಗೆ ಅದು ಒಳ್ಳೆಯದೇ ಇರಬಹುದು. ಸಿಟ್ಟು ಇರುವುದು ಹಾಳೆಯ ಕೊನೆಯ ಸಾಲಿನ ಮೇಲೆ. ಹನ್ನೆರಡು ವಾರದಲ್ಲಿ ಸಕ್ಕರೆ ಇಳಿಯದವರನ್ನು 'ಆರೋಗ್ಯದ ದೃಷ್ಟಿಯಿಂದ ಬೇರೆ ಕೆಲಸಕ್ಕೆ' ಹಾಕುತ್ತಾರಂತೆ. ಇಪ್ಪತ್ತೆರಡು ವರ್ಷ ರುಚಿ ನೋಡುವ ಬೆಂಚಿನಲ್ಲಿ ಕೂತವಳನ್ನು ಎಲ್ಲಿಗೆ ಹಾಕುತ್ತಾರೆ? ನಾಲಿಗೆಯನ್ನು ತೆಗೆದು ಬೀರುವಿನಲ್ಲಿ ಇಡುತ್ತಾರಾ?

ಅಮ್ಮನ ಕಾಲು ನಿನಗೆ ನೆನಪಿರಬೇಕು. ಮೊದಲು ಬೆರಳು, ಆಮೇಲೆ ಪಾದ. ಆಸ್ಪತ್ರೆಯವರು ಕೊಟ್ಟ ಕಾಗದಕ್ಕೆ ನಾನು ಓದದೆ ಸಹಿ ಹಾಕಿದೆ. ಅವತ್ತಿನಿಂದ ಓದದೆ ಯಾವುದನ್ನೂ ಬಿಟ್ಟಿಲ್ಲ. ಅದೇ ರಕ್ತ ನಿನ್ನದು. ಅದಕ್ಕೇ ಕೇಳುತ್ತೇನೆ: ನಿಮ್ಮ ಮ್ಯಾನೇಜರಿಗೆ ನಾನೊಂದು ಕಾಗದ ಬರೆಯಲಾ? ನಿನ್ನ ಒಪ್ಪಿಗೆ ಬೇಕು.

ಫೋನು ಮಾಡಬೇಡ. ಬಸ್ಸುಗಳು ನನ್ನ ಕಿವಿಯಲ್ಲಿ ಬಿಟ್ಟು ಹೋದದ್ದು ಬರೀ ಗುಂಯ್ ಅನ್ನುವ ಸದ್ದು.

ಅಣ್ಣ


ಫೆಬ್ರುವರಿ 12, ಬುಧವಾರ

ಅಣ್ಣ,

ಬರೆಯಬೇಡ. ಇದನ್ನು ಹೇಳಿ ಆಮೇಲೆ ಕ್ಷೇಮ ಸಮಾಚಾರ. ನೀನು ನೀರಿನ ಆಫೀಸಿಗೆ ಹನ್ನೊಂದು ಕಾಗದ ಬರೆದ ಮೇಲೆ ನಿಮ್ಮ ಬೀದಿಗೆಲ್ಲ ನೀರು ಬಂತು, ನಿನ್ನ ಮನೆಯ ನಲ್ಲಿಗೆ ಮಾತ್ರ ಬರಲಿಲ್ಲ. ನನಗೆ ಈ ಬೆಂಚು ಬೇಕು. ಇಲ್ಲಿ ನಾನು 'ಅವರ ಹೆಂಡತಿ' ಆಗಿರಲಿಲ್ಲ, ಅವರು ಹೋದಮೇಲೆ 'ಪಾಪ, ಅವರು ಹೋಗಿಬಿಟ್ಟರಲ್ಲ' ಕೂಡ ಆಗಲಿಲ್ಲ. ಇಲ್ಲಿ ನಾನು ನಾಲಿಗೆ. ಎಲ್ಲರೂ ಹಾಗೇ ಕರೆಯುತ್ತಾರೆ. ಪಕ್ಕದ ಬೆಂಚಿನವಳು ವಾಸನೆ ಹಿಡಿಯುವುದರಲ್ಲಿ ಗಟ್ಟಿ, ಅವಳು ಮೂಗಮ್ಮ. ಇಬ್ಬರೂ ಸೇರಿದರೆ ಒಂದು ಮುಖ ಆಗುತ್ತೇವೆ ಅಂತ ಲಾರಿಯವರು ತಮಾಷೆ ಮಾಡುತ್ತಾರೆ.

ನಿನಗೆ ಈ ಕೆಲಸ ಏನು ಅಂತ ಪೂರ್ತಿ ಗೊತ್ತಿಲ್ಲ ಅನಿಸುತ್ತದೆ. ಬೆಳಿಗ್ಗೆ ಏಳೂವರೆಗೆ ಬಿಳೀ ಮೇಜಿನ ಮೇಲೆ ನಲವತ್ತು ಕಪ್ಪು ಹಾಲು. ಕಪ್ಪಿನ ಮೇಲೆ ನಂಬರು ಮಾತ್ರ, ಯಾರ ಹಾಲು ಅಂತ ಇರುವುದಿಲ್ಲ. ಒಂದು ತುಂಬು ಗುಟುಕು ತೆಗೆದುಕೊಂಡು ನಾಲಿಗೆಯ ಮೇಲೆ ಉರುಳಿಸಬೇಕು, ಮೂಗಿನಿಂದ ಉಸಿರು ಬಿಡಬೇಕು, ಕಾಲ ಹತ್ತಿರದ ಡಬ್ಬಿಗೆ ಉಗುಳಬೇಕು, ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂಕ ಬರೆಯಬೇಕು. ಹಸು ಯಾವ ಸೊಪ್ಪು ತಿಂದಿದೆ, ಕ್ಯಾನು ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿತ್ತು, ಎಲ್ಲ ಗೊತ್ತಾಗುತ್ತದೆ. ಕೆಲಸ ಕಲಿಸಿದ ಮುದುಕರು ಮೊದಲ ದಿನವೇ ಹೇಳಿದ ಮಾತು ಒಂದೇ: 'ಬಾಯಿಗೆ ಹಾಕಿದ್ದು ತಿಂದ ಹಾಗಲ್ಲ.' ನಮ್ಮ ಕೋಣೆಯಲ್ಲಿ ಯಾರೂ ಕುಡಿದೆ ಅನ್ನುವುದಿಲ್ಲ. ನೋಡಿದೆ ಅನ್ನುತ್ತೇವೆ.

ಗುರುವಾರ ಗುರುವಾರ ಹನ್ನೊಂದು ಗಂಟೆಗೆ ಕಾರ್ಖಾನೆಯ ಡಾಕ್ಟರು ಬರುತ್ತಾರೆ. ಬೆರಳು ಚುಚ್ಚಿ ನೋಡಿ, ನಂಬರನ್ನು ಗೋಡೆಗೆ ಕಳಿಸುತ್ತಾರೆ. ತಿಂದದ್ದನ್ನು ಬರೆಯಲು ಒಂದು ಪುಸ್ತಕ ಕೊಟ್ಟಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಮೂರು ಗೆರೆ. ತಪ್ಪದೆ ಬರೆಯುತ್ತಿದ್ದೇನೆ.

ಒಂದು ವಿಚಿತ್ರ ಹೇಳುತ್ತೇನೆ, ನಗಬೇಡ. ಅಮ್ಮ ಮೂಗು ಹಿಡಿದು ಕುಡಿಸಿದರೆ ನಿನ್ನ ಅಂಗಿಯ ಮೇಲೆ ಹಾಲು ಉಗುಳುತ್ತಿದ್ದವಳು ನಾನು. ಈಗ ನನಗೆ ಬೇಕಾಗಿರುವುದು ಹಾಲೇ. ಅನ್ನ ಬೇಡ, ಸಿಹಿ ಬೇಡ. ಬೆಣ್ಣೆ ತಿಂದರೆ ತೃಪ್ತಿ ಇಲ್ಲ, ಚೀಸು ತಿಂದರೆ ಬಾಯಾರಿಕೆ. ಎದುರುಮನೆಯವರು ಹಾಲು ಕಾಯಿಸಿದ ವಾಸನೆ ಬಂದರೆ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ಇಷ್ಟು ವರ್ಷ ಬಾಯಿಯವರೆಗೆ ಬಂದು ತಿರುಗಿ ಹೋದ ಹಾಲೆಲ್ಲ ಈಗ ಬಾಗಿಲು ತಟ್ಟುತ್ತಿದೆಯೇನೋ.

ಬರೆಯಬೇಡ. ಮಾತು ಕೊಡು.

ಪುಟ್ಟಿ


ಫೆಬ್ರುವರಿ 18, ಮಂಗಳವಾರ

ಪುಟ್ಟೀ,

ಸರಿ, ಯಾರಿಗೂ ಬರೆಯುವುದಿಲ್ಲ. ಮಾತು ಕೊಟ್ಟೆ. ನಲ್ಲಿಯ ವಿಷಯ ನೀನು ಎತ್ತಬಾರದಿತ್ತು.

ಲೈಬ್ರರಿಯಿಂದ ಐದು ಪುಸ್ತಕ ತಂದು ಕೂತಿದ್ದೇನೆ. ಪಿಷ್ಟ ಕಡಿಮೆ ಮಾಡಿದರೆ ಸಕ್ಕರೆ ಇಳಿಯುತ್ತದೆ ಅಂತ ಐದರಲ್ಲೂ ಇದೆ. ಬೆಣ್ಣೆ, ಕೆನೆಯ ವಿಷಯಕ್ಕೆ ಬಂದರೆ ಐವರೂ ಐದು ದಾರಿ. ಒಬ್ಬರು ಗಡಿಗೆಗಟ್ಟಲೆ ತಿನ್ನಿ ಅನ್ನುತ್ತಾರೆ, ಇನ್ನೊಬ್ಬರು ಹೃದಯಕ್ಕೆ ಕೇಡು ಅನ್ನುತ್ತಾರೆ. ಆದರೆ ಒಂದು ಮಾತಿಗೆ ನಾಲ್ವರು ಕೆಂಪು ಗೆರೆ ಎಳೆದಿದ್ದಾರೆ. ಸಕ್ಕರೆ ಇಳಿಸುವ ಮಾತ್ರೆ ನುಂಗುವವರು ಈ ಪಥ್ಯ ಹಿಡಿದರೆ ಮಾತ್ರೆಯನ್ನೂ ಡಾಕ್ಟರು ಅಳೆದು ಹೊಂದಿಸಬೇಕಂತೆ. ಇಲ್ಲದಿದ್ದರೆ ಸಕ್ಕರೆ ಅತಿಯಾಗಿ ಕುಸಿದು ಮನುಷ್ಯ ಬೀಳಬಹುದು. ನೀನು ಎಷ್ಟು ಮಾತ್ರೆ ತೆಗೆದುಕೊಳ್ಳುತ್ತೀಯ? ಈ ಪ್ರಶ್ನೆಗೆ ಉತ್ತರ ಬರೆ. ಬೇರೆ ಸಮಾಚಾರ ತಡವಾದರೂ ಪರವಾಗಿಲ್ಲ.

ಅಮ್ಮ ಅಕ್ಕಿಡಬ್ಬದ ಹಿಂದೆ ಬೆಲ್ಲ ಬಚ್ಚಿಟ್ಟುಕೊಳ್ಳುತ್ತಿದ್ದದ್ದು ನಮಗಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಡಲಿಲ್ಲ. ಪಾಪ ಅಂದುಕೊಂಡೆವು. ಆ ಪಾಪಕ್ಕೆ ಅವಳು ಒಂದು ಕಾಲು ಕೊಟ್ಟಳು. ನಿನ್ನ ವಿಷಯದಲ್ಲಿ ನಾನು ಸುಮ್ಮನಿರುವವನಲ್ಲ.

ಅಣ್ಣ


ಫೆಬ್ರುವರಿ 23, ಭಾನುವಾರ

ಅಣ್ಣ

ಮಾತ್ರೆ ಮಾತ್ರೆ ಅಂತ ಎಷ್ಟು ಸಲ ಕೇಳುತ್ತೀಯ. ಒಂದು. ಒಂದೇ ಅಂತ ಎಷ್ಟು ಸಲ ಹೇಳಲಿ. ನೀನು ಓದಿದವನು, ನಾನು ನಾಲಿಗೆ. ಇವತ್ತು ರಜೆ. ಬೆಳಿಗ್ಗೆ ಮೊಟ್ಟೆ ಬೆಣ್ಣೆ. ಕೈ ನಡುಗುತ್ತಿದೆ, ಚಳಿ ಇರಬೇಕು, ಆದರೆ ಬೆವರು. ಬಟ್ಟೆ ಒಣಗಿಹಾಕಲು ಹೋದೆ, ಹಾಕಿ ಬಂದೆ. ಬಟ್ಟೆ ಒಣಗಿಹಾಕಲು ಹೋದೆ. ಬಕೆಟ್ಟು ತುಂಬಾ ಇದೆ ಇನ್ನೂ. ಅಮ್ಮನ ವಿಷಯ ನನಗೆ ಬರೆಯಬೇಡ. ಸಹಿ ಹಾಕಿದವನು ನೀನು. ನಾನಲ್ಲ. ನಾನು ಅಲ್ಲ


ಫೆಬ್ರುವರಿ 26, ಬುಧವಾರ

ಅಣ್ಣ,

ಭಾನುವಾರ ನಿನಗೆ ಏನೋ ಬರೆದು ಅಂಚೆ ಡಬ್ಬಕ್ಕೆ ಹಾಕಿ ಬಂದೆ. ಏನು ಅಂತ ನೆನಪಿಲ್ಲ, ಒಳ್ಳೆಯ ಮಾತಲ್ಲ ಅಂತ ಮಾತ್ರ ಗೊತ್ತು. ಇನ್ನೂ ಓದಿರದಿದ್ದರೆ ಓದದೆ ಹರಿದುಹಾಕು. ನಿನ್ನ ಕೈಯಲ್ಲಿ ಅದು ಆಗುವ ಕೆಲಸ ಅಲ್ಲ, ಆದರೂ ಕೇಳುತ್ತೇನೆ.

ಈಗ ಆರಾಮಾಗಿದ್ದೇನೆ. ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಮೈಗೆ ಜೀವ ಬಂತು. ಕೆಲಸವೇ ನನಗೆ ಔಷಧಿ.

ಕಳೆದ ಗುರುವಾರದ ವಿಷಯ ನಿನಗೆ ಹೇಳಿರಲಿಲ್ಲ. ಡಾಕ್ಟರು ನನ್ನ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು. ಮೊಟ್ಟೆ, ಸೊಪ್ಪು, ಬೆಣ್ಣೆ, ಚೀಸು. ಬೇರೆ ಒಂದಕ್ಷರ ಇಲ್ಲ. ನಂಬರು ಮಾತ್ರ ಇದ್ದಲ್ಲೇ ಇದೆ. ಇಷ್ಟು ಕಟ್ಟುನಿಟ್ಟು ಮಾಡಿಯೂ ಇಳಿಯದಿದ್ದರೆ ನಿಮ್ಮ ಶರೀರವೇ ಹಟ ಹಿಡಿದಿದೆ ಅಂದರು. ನಾಳೆಯೂ ಹೀಗೇ ಇದ್ದರೆ ಮಾತ್ರೆ ಎರಡು ಮಾಡುತ್ತಾರಂತೆ. ಗೋಡೆಯ ಮೇಲೆ ಹದಿನೇಳರಲ್ಲಿ ಕೆಂಪು ಬಣ್ಣದಲ್ಲಿ ಉಳಿದಿರುವುದು ನಾನು ಮತ್ತು ಕಾವಲುಗಾರರು. ಅವರು ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡಿರುವುದು ಊರಿಗೇ ಗೊತ್ತು.

ಮೂಗಮ್ಮ ನಿನ್ನೆ ಚುಡಾಯಿಸುತ್ತಿದ್ದಳು, 'ನಿನ್ನ ಡಬ್ಬಿ ತೊಳೆಯೋ ಕೆಲಸವೇ ಇಲ್ಲ ನೋಡು ಈಗೀಗ' ಅಂತ. ನಾನು ನಕ್ಕುಬಿಟ್ಟೆ.

ಪುಟ್ಟಿ


ಮಾರ್ಚ್ 4, ಮಂಗಳವಾರ

ಪುಟ್ಟೀ,

ನಿನ್ನ ಭಾನುವಾರದ್ದೂ ಬುಧವಾರದ್ದೂ ಒಟ್ಟಿಗೆ ಶನಿವಾರ ಬೆಳಿಗ್ಗೆ ಕೈಸೇರಿದವು. ಭಾನುವಾರದ್ದನ್ನು ಓದಿದೆ. ನೀನು ಬರೆದದ್ದು ಸುಳ್ಳಲ್ಲ. ಅದನ್ನು ಬಿಡು.

ಡಬ್ಬಿಯ ಮಾತನ್ನು ನೀನು ನಕ್ಕು ಬಿಟ್ಟಿದ್ದೀಯ. ನನಗೆ ಅದು ತಮಾಷೆಯಾಗಿ ಕಾಣಲಿಲ್ಲ. ನಿನಗೆ ಬರುವ ಕಪ್ಪುಗಳನ್ನು ಅವರು ಈಗಾಗಲೇ ಕಡಿಮೆ ಮಾಡುತ್ತಿದ್ದಾರೆ, ಅದಕ್ಕೇ ಡಬ್ಬಿ ತುಂಬುತ್ತಿಲ್ಲ. ಡಿಪೋದಲ್ಲೂ ಒಬ್ಬ ಡ್ರೈವರನ್ನು ಓಡಿಸಬೇಕಾದರೆ ಮೊದಲು ಅವನ ಒಂದು ಟ್ರಿಪ್ಪು ಕಿತ್ತುಕೊಳ್ಳುತ್ತಿದ್ದರು. ನನಗೆ ಇದು ಹೊಸದಲ್ಲ.

ಇನ್ನೊಂದು. ಹಾಲಿನ ಆಸೆಯಿಂದ ಒದ್ದಾಡುವವಳನ್ನು ದಿನಾ ನಲವತ್ತು ಕಪ್ಪು ಹಾಲಿನ ಮುಂದೆ ಕೂರಿಸುವುದು ಯಾವ ನ್ಯಾಯ? ಉಗುಳಿದರೂ ಒಂದಿಷ್ಟು ಒಳಗೆ ಇಳಿಯುವುದಿಲ್ಲವೇ? ಇದನ್ನು ಯಾರಾದರೂ ಕೇಳಲೇಬೇಕು. ನಿನ್ನ ಒಳ್ಳೆಯದು ಬಯಸುವವರು ಕೈಕಟ್ಟಿ ಕೂತಿರುವುದಿಲ್ಲ ಅಂತ ಮಾತ್ರ ತಿಳಿದಿರು. ಮಾತು ಕೊಟ್ಟದ್ದು ನನಗೆ ನೆನಪಿದೆ.

ಮಾತ್ರೆ ಎರಡು ಮಾಡಿದರಾ?

ಅಣ್ಣ


ಮಾರ್ಚ್ 9, ಭಾನುವಾರ

ಅಣ್ಣ

ಎರಡು. ತಪ್ಪದೆ ತಗೊಂಡೆ. ಮೂಲೆ ಅಂಗಡಿಗೆ ಸೋಪು ತರಲು ಹೋದೆ. ಹಾಲಿನ ಫ್ರಿಜ್ಜಿನ ಮುಂದೆ ನಿಂತಿದ್ದೆ, ಎಷ್ಟು ಹೊತ್ತು ಗೊತ್ತಿಲ್ಲ. ಅಂಗಡಿಯವರು ಏನು ಬೇಕಮ್ಮಾ ಅಂದರು, ಹೆಸರು ಬರಲಿಲ್ಲ. ಸೋಪು ಅನ್ನುವ ಮಾತು ಬರಲಿಲ್ಲ. ಕುರ್ಚಿ ಹಾಕಿಕೊಟ್ಟರು. ಮನೆಗೆ ಬಂದು ನೋಡಿದರೆ ಒಂದೇ ಕಾಲಲ್ಲಿ ಚಪ್ಪಲಿ. ಹಾಲು ಕುಡಿಯಲಿಲ್ಲ. ನೋಡು, ಕುಡಿಯಲಿಲ್ಲ. ಎದುರಿಗೇ ಇತ್ತು. ಕುಡಿಯಲಿಲ್ಲ ಅಣ್ಣ


ಮಾರ್ಚ್ 12, ಬುಧವಾರ

ಅಣ್ಣ,

ಇದೇ ಹದಿನೇಳನೇ ತಾರೀಖು ಸೋಮವಾರದಿಂದ ನನ್ನನ್ನು ಲೇಬಲ್ ಮೇಜಿಗೆ ಹಾಕಿದ್ದಾರೆ. ಬಾಟಲಿಗಳ ಮೇಲಿನ ತಾರೀಖು ಸರಿ ಇದೆಯಾ ಅಂತ ನೋಡುವ ಕೆಲಸ. ಹನ್ನೆರಡು ವಾರ ಅಂದಿದ್ದರು, ಆರು ವಾರಕ್ಕೇ ಆಯಿತು. ಮ್ಯಾನೇಜರು ಕರೆಸಿ ಕೂರಿಸಿ ತುಂಬಾ ಮೆತ್ತಗೆ ಮಾತಾಡಿದರು. ನಿಮ್ಮ ಆರೋಗ್ಯದ ಬಗ್ಗೆ ಒಂದು ಕಾಗದ ಬಂದಿದೆ, ಓದಿ ನನಗೇ ನಾಚಿಕೆಯಾಯಿತು ಅಂದರು. ಯಾರದ್ದು ಅಂತ ಕೇಳಿದೆ. ಬೇಕಾದವರದ್ದೇ ಅಂದರು, ಅಷ್ಟೇ.

ಕಾರ್ಖಾನೆಯಲ್ಲಿ ನನಗೆ ಬೇಕಾದವರು ಒಬ್ಬರೇ. ನನ್ನ ಡಬ್ಬಿಯನ್ನು ಬಗ್ಗಿ ನೋಡಿದವಳೂ ಅವಳೊಬ್ಬಳೇ. ಮಧ್ಯಾಹ್ನ ಮೂಗಮ್ಮ ನನ್ನ ಪಕ್ಕ ಊಟಕ್ಕೆ ಬಂದು ಕೂತಳು. ನಾನು ಎದ್ದು ಬೇರೆ ಮೇಜಿಗೆ ಹೋದೆ. ಹದಿನಾರು ವರ್ಷದಲ್ಲಿ ಮೊದಲ ಸಲ. ಏನಾಯ್ತೇ ಅಂತ ಅವಳು ಎರಡು ಸಲ ಕೇಳಿದಳು. ನಾನು ತಟ್ಟೆ ತೊಳೆಯಲು ಎದ್ದು ಹೋದೆ.

ಬೆಂಚು ಹೋಯಿತು. ಇನ್ನು ನೀನು ಬರೆಯುವುದಿದ್ದರೂ ಬರೆದು ಉಪಯೋಗವಿಲ್ಲ.

ಪುಟ್ಟಿ


ಮಾರ್ಚ್ 17, ಸೋಮವಾರ

ಪುಟ್ಟೀ,

ಈ ಕಾಗದ ಸಿಕ್ಕ ಕ್ಷಣವೇ, ಮಾತ್ರೆ ನುಂಗುವ ಮೊದಲು, ಓದು.

ಬೆಳಿಗ್ಗೆ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿದೆ. ಡಿಪೋದಲ್ಲಿ ಒಂದೇ ಬಸ್ಸು ಪದೇಪದೇ ತಡವಾದರೆ ಹೀಗೇ ಮಾಡುತ್ತಿದ್ದೆವು. ಯಾವ ವಾರ, ಯಾವ ಡ್ರೈವರು, ಯಾವ ದಾರಿ ಅಂತ ನೋಡಿದರೆ ಕಾರಣ ತಾನಾಗಿ ಎದ್ದು ಬರುತ್ತಿತ್ತು. ನಿನ್ನ ಬುಧವಾರದ ಕಾಗದಗಳ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಭಾನುವಾರದ ಎರಡರಲ್ಲಿ ಸಾಲುಗಳು ಮೇಲಕ್ಕೆ ಹತ್ತಿ ಹೋಗಿವೆ, ಮಾತು ಮರುಕಳಿಸಿದೆ, ಕೊನೆಗೆ ಹೆಸರು ಕೂಡ ಹಾಕಿಲ್ಲ. ಬೆವರು, ನಡುಕ, ಮರೆವು. ಪುಸ್ತಕದಲ್ಲಿ ಸಕ್ಕರೆ ಕುಸಿದವರ ಲಕ್ಷಣ ಅಂತ ಕೊಟ್ಟಿರುವುದು ಇದನ್ನೇ. ಸೋಮವಾರ ಹತ್ತು ಗಂಟೆಗೆ ಮೈಗೆ ಜೀವ ಬರುತ್ತದೆ ಅಂತ ನೀನೇ ಬರೆದಿದ್ದೀಯ.

ಭಾನುವಾರ ಇಲ್ಲದ್ದು, ಸೋಮವಾರ ಹತ್ತಕ್ಕೆ ಇರುವುದು ಏನು? ಬೆಂಚು. ನಿನ್ನ ಡಬ್ಬಿ ಯಾಕೆ ತುಂಬುವುದಿಲ್ಲ ಅಂತ ನನಗೆ ಈಗ ಗೊತ್ತಾಯಿತು. ನನ್ನ ಮುಂದೆ ನಾಚಿಕೆ ಬೇಡ, ನಾನು ನಿನ್ನ ಬಾಯಿಯಿಂದ ಬಂದ ಹಾಲನ್ನು ಅಂಗಿಯ ಮೇಲೆ ಹೊತ್ತವನು. ಡಾಕ್ಟರು ಎರಡು ಮಾತ್ರೆ ಕೊಟ್ಟದ್ದು ಆ ಹಾಲು ಇಳಿಯುತ್ತಿದ್ದ ಮೈಗೆ, ಅವರಿಗೆ ಅದು ಗೊತ್ತಿಲ್ಲ ಅಷ್ಟೆ. ಇವತ್ತಿನಿಂದ ನಿನಗೆ ಬೆಂಚಿಲ್ಲ. ಅಂದರೆ ಇವತ್ತಿನಿಂದ ನಿನಗೆ ದಿನವೂ ಭಾನುವಾರ.

ಡಾಕ್ಟರ ಹತ್ತಿರ ಓಡು. ಇದ್ದದ್ದನ್ನು ಇದ್ದಹಾಗೆ ಹೇಳು. ಜೇಬಿನಲ್ಲಿ ಸಕ್ಕರೆ ಇಟ್ಟುಕೋ. ಪಕ್ಕದ ಮನೆಯ ದರ್ಜಿಯಿಂದ ನಿನಗೆ ಮೂರು ಸಲ ಫೋನು ಮಾಡಿಸಿದೆ, ಆಫಾಗಿದೆ ಅನ್ನುತ್ತಾನೆ. ಕಾರ್ಖಾನೆಗೆ ಮಾಡಿಸಿದರೆ, ಹೊಸ ಮೇಜಿನಲ್ಲಿ ಚೆನ್ನಾಗಿದ್ದಾರೆ, ಊಟದ ಹೊತ್ತಿಗೆ ಹೇಳುತ್ತೇವೆ ಅಂದರಂತೆ.

ಅಣ್ಣ


ಮಾರ್ಚ್ 22, ಶನಿವಾರ

ಪುಟ್ಟೀ,

ಕಾಗದ ಇಲ್ಲ. ಬುಧವಾರದ್ದು ಬರಬೇಕಿತ್ತು. ನಿನ್ನೆ ದರ್ಜಿ ಮತ್ತೆ ಕಾರ್ಖಾನೆಗೆ ಮಾಡಿದ. ರಜೆಯಲ್ಲಿದ್ದಾರೆ ಅಂದರಂತೆ. ಎಂಥ ರಜೆ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟರಂತೆ. ಏಪ್ರಿಲ್ ಎರಡರ ರೈಲಿಗಿಂತ ಮೊದಲು ಟಿಕೆಟ್ ಇಲ್ಲ. ಎರಡಕ್ಕೆ ಹೊರಟು ಮೂರರ ಬೆಳಿಗ್ಗೆ ಬರುತ್ತೇನೆ. ನಿನಗೆ ಹೇಳಬೇಕಾದದ್ದು ಒಂದಿದೆ, ಎದುರಿಗೆ ಕೂತು ಹೇಳುತ್ತೇನೆ. ಒಂದು ಸಾಲು ಬರೆ. ಭಾನುವಾರದ ಅಕ್ಷರದಲ್ಲಿ ಆದರೂ ಬರೆ.

ಅಣ್ಣ


ಮಾರ್ಚ್ 27, ಗುರುವಾರ

ಅಣ್ಣ,

ಬದುಕಿದ್ದೇನೆ. ಮನೆಗೆ ಬಂದು ಮೂರು ದಿನವಾಯಿತು. ನಿಧಾನವಾಗಿ ಬರೆಯುತ್ತಿದ್ದೇನೆ, ಅಕ್ಷರ ನೋಡಿಕೋ, ಬುಧವಾರದ್ದೇ.

ಹತ್ತೊಂಬತ್ತನೇ ತಾರೀಖು ಬುಧವಾರ, ಲೇಬಲ್ ಮೇಜಿನಲ್ಲಿ ಮೂರನೇ ದಿನ. ಬಾಟಲಿಯ ಮೇಲಿನ ತಾರೀಖು ಕಾಣುತ್ತಿತ್ತು, ಅದು ಏನು ಅಂತ ತಿಳಿಯುತ್ತಿರಲಿಲ್ಲ. ಎದ್ದು ನಮ್ಮ ಹಳೆಯ ಕೋಣೆಯ ಕಡೆ ನಡೆದೆನಂತೆ. ಬಾಗಿಲಲ್ಲಿ ಕುಸಿದು ಕೂತೆನಂತೆ. ಕರೆದರೆ ಓ ಅನ್ನುತ್ತಿದ್ದೆನಂತೆ, ಮಾತಿಲ್ಲ. ಎಲ್ಲರೂ ನೀರು ತನ್ನಿ, ಗಾಳಿ ಬಿಡಿ ಅಂತ ಕೂಗಾಡುತ್ತಿದ್ದಾಗ ಒಬ್ಬಳು ಮಾತ್ರ ಮೇಜಿನ ಮೇಲಿದ್ದ ಹನ್ನೊಂದನೇ ನಂಬರಿನ ಕಪ್ಪಿಗೆ ತನ್ನ ಟೀ ಸಕ್ಕರೆಯನ್ನೆಲ್ಲ ಸುರಿದು ನನ್ನ ತುಟಿಗೆ ಹಿಡಿದಳು. ಗುಟುಕು ಗುಟುಕಾಗಿ. 'ನೋಡೋದು ಸಾಕು, ಕುಡಿಯೇ' ಅಂದಳು. ಆ ಮಾತು ಒಂದು ನನಗೆ ಕೇಳಿಸಿದೆ. ನಾನು ಏಳು ದಿನ ಮಾತು ಬಿಟ್ಟಿದ್ದವಳು ಅವಳು. ಅವಳ ಗಂಡನಿಗೂ ಸಕ್ಕರೆ ಇತ್ತು, ಅದಕ್ಕೇ ಗುರುತು ಹಿಡಿದಳು. ಇನ್ನೊಂದು ಹತ್ತು ನಿಮಿಷ ಹೋಗಿದ್ದರೆ ಹೇಳಲಾಗುತ್ತಿರಲಿಲ್ಲ ಅಂತ ಆಸ್ಪತ್ರೆಯಲ್ಲಿ ಅಂದರು. ಐದು ದಿನ ಇಟ್ಟುಕೊಂಡರು. ಮಾತ್ರೆ ಬದಲಾಯಿಸಿದ್ದಾರೆ. ನಿನ್ನ ಹದಿನೇಳರ ಕಾಗದ ಬಾಗಿಲ ಡಬ್ಬದಲ್ಲಿ ಬಿದ್ದಿತ್ತು. ಇಪ್ಪತ್ತಕ್ಕೆ ಬಂದಿದೆ, ಒಂದು ದಿನ ತಡ. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಹೌದು, ನುಂಗಿದೆ. ಫೆಬ್ರುವರಿ ಎರಡನೇ ವಾರದಿಂದ. ಮೊದಲು ಒಂದು ಗುಟುಕು ಜಾರಿತು. ಮರುದಿನ ಮೂರು. ಆಮೇಲೆ ಎಲ್ಲ. ದಿನಕ್ಕೆ ಹತ್ತಿರಹತ್ತಿರ ಒಂದು ಲೀಟರ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತ ನೀನು ಅನ್ನಬಹುದು. ಆದರೆ ನಿಜ ಹೇಳುತ್ತೇನೆ, ಡಾಕ್ಟರ ಪುಸ್ತಕದಲ್ಲಿ ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಬೆಂಚಿನಲ್ಲಿ ಬಾಯಿಗೆ ಹಾಕಿದ್ದು ತಿಂದ ಹಾಗಲ್ಲ. ಇಪ್ಪತ್ತೆರಡು ವರ್ಷ ಆ ಮಾತಿನ ಮೇಲೆ ಊಟ ಮಾಡಿದ್ದೇನೆ. ಹೊಳೆದ ಮೇಲೆ, ಅಂದರೆ ಮೂಗಮ್ಮ ಡಬ್ಬಿಯ ಮಾತಾಡಿದ ದಿನ, ನಾಚಿಕೆಯಾಯಿತು. ಗೋಡೆಯ ಮೇಲಿನ ಕೆಂಪು ನಂಬರಿನ ಕೆಳಗೆ ಕಳ್ಳಿ ಅಂತಲೂ ಬರೆಯುತ್ತಾರೆ ಅನಿಸಿತು. ಸುಮ್ಮನಾದೆ. ನನ್ನ ತಪ್ಪು ಇದು, ತಾರೀಖು ಫೆಬ್ರುವರಿ ಇಪ್ಪತ್ತೈದು.

ಈಗ ನಿನ್ನದು. ಮ್ಯಾನೇಜರು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು. ನಾನು ಒಳ್ಳೇದಕ್ಕೇ ಮಾಡಿದೆ, ನಿಮ್ಮ ಅಣ್ಣನವರೇ ಕೇಳಿಕೊಂಡಿದ್ದರಲ್ಲ ಅಂತ ಕಾಗದವನ್ನೇ ಕೈಗೆ ಕೊಟ್ಟರು. ಮಾರ್ಚ್ ಒಂದು, ಶನಿವಾರ. ಮೊದಲು ತಪ್ಪು, ಪಕ್ಕದಲ್ಲಿ ತಾರೀಖು, ಕೊನೆಗೆ ಪ್ರಶ್ನೆ. 'ಇಂಥ ರೋಗಿಯನ್ನು ಇನ್ನೂ ಹಾಲಿನ ಮುಂದೆ ಕೂರಿಸಿರುವುದು ಯಾರ ಹೊಣೆ?' ಅಕ್ಷರವನ್ನು ಮಾತ್ರವಲ್ಲ, ಉಸಿರನ್ನೂ ಗುರುತಿಸಿದೆ. ನನ್ನ ಎರಡು ಕಾಗದ ಕೈಸೇರಿದ ದಿನವೇ ಕೂತು ಬರೆದಿದ್ದೀಯ. ನಾಲ್ಕನೇ ತಾರೀಖು ನನಗೆ ಬರೆದಾಗ ಮಾತು ಕೊಟ್ಟದ್ದು ನೆನಪಿದೆ ಅಂದೆ. ಹದಿನೇಳಕ್ಕೆ, ನಾನು ಸಾಯಬಹುದು ಅಂತ ಗೊತ್ತಾದ ದಿನವೂ, ಎರಡು ಹಾಳೆ ಬರೆದೆ, ಬರೆದದ್ದು ನಾನೇ ಅನ್ನುವ ಒಂದು ಸಾಲು ಬರೆಯಲಿಲ್ಲ. ಆ ಒಂದು ಸಾಲು ಇಲ್ಲದೆ ನಾನು ಮೂಗಮ್ಮನ ಮೇಲೆ ಅನುಮಾನ ಇಟ್ಟುಕೊಂಡೇ ಸಾಯುತ್ತಿದ್ದೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ನೀನು ನನ್ನನ್ನು ಹುಡುಕಿದೆ ಅನ್ನುವುದೂ ಸುಳ್ಳಲ್ಲ. ಬೇರೆ ಯಾರೂ ನನ್ನ ಕಾಗದಗಳನ್ನು ಮೇಜಿನ ಮೇಲೆ ಜೋಡಿಸಿ ನೋಡುವವರಿಲ್ಲ.

ಎದುರಿಗೆ ಕೂತು ಹೇಳುತ್ತೇನೆ ಅಂದಿದ್ದೀಯ. ಬೇಡ. ನೀನು ಎದುರಿಗೆ ಕೂತರೆ ನಾನು ಅಳುತ್ತೇನೆ, ನೀನು ಅತ್ತು ಮುಗಿಸುತ್ತೀಯ, ಅಲ್ಲಿಗೆ ಆಯಿತು. ಊರಿನ ಆಫೀಸುಗಳನ್ನೆಲ್ಲ ನಲವತ್ತು ವರ್ಷ ಎಲ್ಲರ ಮುಂದೆ ಉತ್ತರ ಕೊಡಿ ಅಂತ ಕೇಳಿದವನು ನೀನು. ಈಗ ನೀನೂ ಎಲ್ಲರ ಮುಂದೆ ಬರೆ. ಅವರ ತಪ್ಪನ್ನೂ ಬರೆ, ಬಿಡಬೇಡ. ಆದರೆ ಮೊದಲ ಸಾಲು ನಿನ್ನದಾಗಿರಲಿ. ನನ್ನದನ್ನೂ ಸೇರಿಸು, ಒಪ್ಪಿಗೆ ಕೊಟ್ಟಿದ್ದೇನೆ. ಈ ಸಲ ಒಪ್ಪಿಗೆ ಕೇಳದೆಯೇ ಕೊಡುತ್ತಿದ್ದೇನೆ. ಕಾಗದ ತೆಗೆದುಕೊಂಡು ಬಾ. ನಾನೂ ಮೂಗಮ್ಮನೂ ಗೇಟಿನ ಹತ್ತಿರ ಇರುತ್ತೇವೆ. ಅಂಟಿಸಲು ಗೋಡೆ ಇದೆಯಲ್ಲ.

ಪುಟ್ಟಿ


ಮಾರ್ಚ್ 31, ಸೋಮವಾರ

ಹಾಲಿನ ಕಾರ್ಖಾನೆಯ ಊಟದ ಕೋಣೆಯ ಗೋಡೆಗೆ,

ಮಾರ್ಚ್ ಒಂದನೇ ತಾರೀಖು ಶನಿವಾರ, ನನ್ನ ತಂಗಿಗೆ ಕೊಟ್ಟ ಮಾತನ್ನು ಮುರಿದು, ಅವಳಿಗೆ ತಿಳಿಸದೆ, ಅವಳನ್ನು ರುಚಿ ನೋಡುವ ಬೆಂಚಿನಿಂದ ಎಬ್ಬಿಸಿ ಅನ್ನುವ ಅರ್ಥ ಬರುವ ಕಾಗದವನ್ನು ನಿಮ್ಮ ಮ್ಯಾನೇಜರಿಗೆ ಬರೆದವನು ನಾನು. ಅವಳ ಡಬ್ಬಿ ಯಾಕೆ ಖಾಲಿ ಅಂತ ಅವಳನ್ನು ಒಂದು ಮಾತು ಕೇಳಲಿಲ್ಲ. ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಐದು ಪುಸ್ತಕ ಓದಿದ್ದೆ. ಆ ಕಾಗದದಿಂದ ಅವಳ ಬೆಂಚು ಹೋಯಿತು, ಬೆಂಚು ಹೋದ ಮೂರನೇ ದಿನಕ್ಕೆ ಅವಳ ಜೀವ ಹೋಗುವುದರಲ್ಲಿತ್ತು. ಬರೆದವನು ನಾನು ಅಂತ ಹೇಳದೆ ಉಳಿದದ್ದರಿಂದ ಏನೂ ಅರಿಯದ ಒಬ್ಬ ಹೆಣ್ಣುಮಗಳ ಮೇಲೆ ಅನುಮಾನ ಬಿತ್ತು. ನನ್ನ ತಂಗಿಯ ಜೀವ ಉಳಿಸಿದವರು ಅವರೇ. ಅವರಿಗೆ ಈ ಗೋಡೆಯ ಮುಂದೆ ಕೈಮುಗಿಯುತ್ತೇನೆ. ಇದು ನನ್ನ ಉತ್ತರ. ನನ್ನ ತಂಗಿ ತನ್ನದನ್ನೂ ಬರೆಯಲು ಹೇಳಿದ್ದಾಳೆ: ಬೆಂಚಿನ ಹಾಲನ್ನು ನುಂಗಿದಳು, ಪುಸ್ತಕದಲ್ಲಿ ಬರೆಯಲಿಲ್ಲ, ತಪ್ಪು ತಿಳಿದ ಮೇಲೂ ಹೇಳಲಿಲ್ಲ. ಕಾರಣ ಈ ಗೋಡೆಗೇ ಗೊತ್ತು.

ಇನ್ನು ನಿಮ್ಮದು. ಫೆಬ್ರುವರಿ ಮೂರರಂದು ಹದಿನೇಳು ಜನರ ಮೈಯ ವಿಷಯವನ್ನು ಅವರನ್ನು ಕೇಳದೆ ಇಲ್ಲಿ ಅಂಟಿಸಿದವರು ಯಾರು? ನಿಮ್ಮ ಡಾಕ್ಟರು ಆರು ಗುರುವಾರ ನನ್ನ ತಂಗಿಯ ಬೆರಳು ಚುಚ್ಚಿದರು. ಅವಳು ನಲವತ್ತು ಕಪ್ಪು ಹಾಲಿನ ಎದುರಿನಿಂದ ಎದ್ದು ಬಂದವಳು ಅಂತ ಒಂದು ಗುರುವಾರವಾದರೂ ಕೇಳಿದರಾ? ಮಾತ್ರೆ ಎರಡಾದ ಹದಿನೆಂಟನೆಯ ದಿನ ಅವಳ ಕೆಲಸ ಬದಲಾಯಿತು. ಆ ಸುದ್ದಿಯನ್ನು ಡಾಕ್ಟರಿಗೆ ಮುಟ್ಟಿಸಬೇಕಾದವರು ಯಾರಿದ್ದರು? ಹೆದರಿದವರು ಸುಳ್ಳು ಬರೆಯುತ್ತಾರೆ, ಸುಳ್ಳು ಪುಸ್ತಕ ನೋಡಿ ಕೊಟ್ಟ ಮಾತ್ರೆ ಕೊಲ್ಲುತ್ತದೆ ಅನ್ನುವುದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಾ? ಉಳಿದ ಹದಿನಾರು ಪುಸ್ತಕಗಳಲ್ಲಿ ಎಷ್ಟು ನಿಜ ಇದೆ ಅಂತ ಈಗಲಾದರೂ ನೋಡುತ್ತೀರಾ? ಇಪ್ಪತ್ತೆರಡು ವರ್ಷದ ನಾಲಿಗೆಯನ್ನು, ಉಗುಳುವ ಡಬ್ಬಿಯ ಸಮೇತ, ಅದರ ಬೆಂಚಿಗೆ ಯಾವ ತಾರೀಖಿನಿಂದ ಮರಳಿಸುತ್ತೀರಿ?

ಮೆತ್ತಗಿನ ಮಾತು ಬೇಡ, ಮುಚ್ಚಿದ ಲಕೋಟೆ ಬೇಡ, ಹಣ್ಣು ಬೇಡ. ಏಪ್ರಿಲ್ ಏಳು, ಸೋಮವಾರ, ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಮೊದಲು, ಅವಳ ತೂಕ ಬರೆದ ಅಷ್ಟೇ ದಪ್ಪ ಅಕ್ಷರದಲ್ಲಿ, ಇದೇ ಗೋಡೆಯ ಮೇಲೆ, ನಿಮ್ಮ ಹೆಸರು ಹಾಕಿ ಉತ್ತರ ಬರೆಯಿರಿ. ನಾನು ಈ ಊರಲ್ಲೇ ಇರುತ್ತೇನೆ. ದಿನಾ ಆ ಹೊತ್ತಿಗೆ ಬಂದು ನೋಡುತ್ತೇನೆ.